ಹೆಸರಿಡದ ಹೋರಿ

ಶೆಟ್ಲೆಂಡ್ ದ್ವೀಪಗಳಲ್ಲಿ ಅವತ್ತು ಕಡಲೂ ಆಕಾಶವೂ ಒಂದೇ ಮಂಜಾಗಿ, ನಮ್ಮ ಹಡಗು ಎಲ್ಲೂ ಅಲ್ಲದ ಕಡೆ ತೇಲುತ್ತಿರುವಂತಿತ್ತು. ಎದುರು ಬೆಂಚಿನಲ್ಲಿ ಓಸ್ಲಾ, ಅವಳ ತಮ್ಮ ಗಿಬ್ಬಿ. ಕೆಳಗೆ, ವಾಹನಗಳ ಸಾಲಿನಲ್ಲಿ ನಿಂತ ಅವರ ಟ್ರೇಲರಿನೊಳಗೆ ಕಪ್ಪುಬಿಳಿ ಬಣ್ಣದ ಗಿಡ್ಡ ಹೋರಿ. ಅದು ಕಸಾಯಿಖಾನೆಗೆ ಹೊರಟಿತ್ತು.

"ಅರ್ಧ ದಾರೀನೂ ಬಂದಿಲ್ಲ, ಆಗ್ಲೇ ಕಣ್ಣೊರೆಸ್ಕೊಳ್ತಿದ್ದೀಯಲ್ಲಕ್ಕಾ."

"ಮಂಜು ಕಣೋ."

"ಕಿಟಕಿ ಮುಚ್ಚಿದೆಯಲ್ಲ."

"ಸುಮ್ನಿರೋ. ಅಪ್ಪನ ಕಾಲಕ್ಕೆ ಈ ತಳಿ ಮುಗಿದೇ ಹೋಗ್ತಿತ್ತು. ಜನ ಮಾಂಸ ಕೇಳೋಕೆ ಶುರು ಮಾಡಿದ್ಮೇಲೆ ತಾನೇ ಎಲ್ರೂ ಮತ್ತೆ ಸಾಕಿದ್ದು? ತಿನ್ನೋರಿಲ್ದಿದ್ರೆ ನಮ್ಮ ಕೊಟ್ಟಿಗೇಲಿ ಒಂದು ಕರುನೂ ಇರ್ತಿರ್ಲಿಲ್ಲ."

"ಗೊತ್ತಿದ್ದೂ ಅಳ್ತೀಯಾ. ಹೆಸರಿಟ್ಟುಬಿಟ್ಟಿದ್ದೀಯಾ ಹೇಗೆ?"

"ಇಲ್ಲಪ್ಪ. ಹೆಣ್ಣುಗರುಗೆ ಹೆಸರು, ಗಂಡಿಗೆ ಬೇಡ ಅಂತ ಅಪ್ಪ ಹೇಳ್ತಿದ್ರಲ್ಲ."

"ಮತ್ತೆ ಸಂಜೆ ಹೊತ್ತು ದಡದಿಂದ ಹೇಗೆ ಕರೀತಿದ್ದೆ?"

"ಹಾಡ್ತಿದ್ದೆ."

"ಏನು ಹಾಡು?"

"ಪದ ಏನಿಲ್ಲ. ಹಾಲು ಕರೆಯೋವಾಗ ಅಮ್ಮ ಗುನುಗ್ತಿದ್ಲಲ್ಲ, ಆ ರಾಗ. ಕಡಲಪಾಚಿ ಮೇಯ್ತಾ ನಿಂತಿರೋನು, ಎಷ್ಟೇ ಮಂಜಿದ್ರೂ ಅದನ್ನೇ ಹಿಡ್ಕೊಂಡು ಬಂದ್ಬಿಡ್ತಿದ್ದ."



"ಹೆಸರಿಟ್ಟಿದ್ರೇ ವಾಸಿಯಿತ್ತಲ್ಲಕ್ಕಾ."

ಎಷ್ಟೋ ಹೊತ್ತಿನ ಮೇಲೆ ದಡ ಸಿಕ್ಕಿತೆಂದು ಗಂಟೆ ಹೊಡೆಯಿತು. ಇಬ್ಬರೂ ಎದ್ದರು.

"ಅಲ್ಲಿ ಒಳಗೆ ಹೋಗಲ್ಲ ಅಂತ ಹಟ ಹಿಡಿದ್ರೆ? ನಾನು ಎಳೆದ್ರೆ ಬರೋನಲ್ಲ ಅವನು."

"ಗೊತ್ತು ಕಣೋ. ಅದಕ್ಕೇ ನಾನು ಬಂದಿರೋದು."

ಮೆಟ್ಟಿಲಿಳಿಯುತ್ತ ಓಸ್ಲಾ ಮೆಲ್ಲಗೆ ಗಂಟಲು ಸರಿಮಾಡಿಕೊಂಡಳು.