ಎಣ್ಣೆ ಹಚ್ಚಿದ ಗಡಿಗೆ

೧೯೪೭ರ ಬೇಸಿಗೆ. ಅಫಜಲಪುರದಲ್ಲಿ ಸರ್ಕಾರ ಅಳೆದು ಹಂಚುವ ಕಂಟ್ರೋಲ್ ಬಟ್ಟೆಗಾಗಿ ಅಂಗಡಿಯ ಮುಂದೆ ಪಾಳಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಇಬ್ಬರು ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಂದಿರು: ಹಿರಿಯವಳು ನಿಂಬೆವ್ವ, ಕಿರಿಯವಳು ಗುರಮ್ಮ. ಮನೆ ಪಾಲಾಗಿ ನಡುವೆ ಗೋಡೆ ಎದ್ದಿದೆಯೆಂದು ಅವರ ಮಾತಿನಿಂದಲೇ ತಿಳಿಯಿತು.

“ಆಡಿ ದಣದ ಕೂಡ್ಲೆ ನನ್ನ ಮೂರೂ ಮಕ್ಕಳು ನಿನ್ನ ಮನಿಗೇ ಓಡತಾವ. ಏನು ಮದ್ದು ಹಾಕೀದಿ ಬೇ?” ಎಂದಳು ನಿಂಬೆವ್ವ.

“ಮದ್ದೆಲ್ಲಿದು ಅಕ್ಕಾ? ನೀರು ಕುಡ್ಯಾಕ ಬರತಾವ.”

“ಇಬ್ಬರದೂ ಒಂದ ಬಾವಿ ನೀರು. ನಿನ್ನ ಗಡಿಗ್ಯಾಗ ತಂಪು, ನನ್ನ ಗಡಿಗ್ಯಾಗ ಬೆಚ್ಚಗ. ಅದ್ಹ್ಯಾಂಗ?”

ಕೇಳುತ್ತ ನನಗೂ ನೀರಡಿಕೆಯಾಯಿತು.

“ನೀ ಗಡಿಗಿಗೆ ಎಣ್ಣಿ ಹಚ್ಚತಿ,” ಎಂದಳು ಗುರಮ್ಮ.

“ಹಚ್ಚತೇನಿ! ಕನ್ನಡಿ ಹಂಗ ಹೊಳೀತೈತಿ. ನಿಂದು ಯಾವಾಗ ನೋಡಿದ್ರೂ ಹಸೀ, ಪಾಚಿ ಹಿಡದೈತಿ.”

“ಅದು ಬೆವರತೈತಿ ಅಕ್ಕಾ. ಆ ಬೆವರು ಆರೋಮುಂದ ಒಳಗಿನ ನೀರಿನ ಬಿಸಿ ತಗೊಂಡು ಹೋಗತೈತಿ. ಎಣ್ಣಿ ಕುಡದ ಗಡಿಗಿ ಹ್ಯಾಂಗ ಬೆವರಬೇಕು?”

ನಿಂಬೆವ್ವ ಗಕ್ಕನೆ ತಿರುಗಿದಳು. “ಎಲ್ಲಾ ಗೊತ್ತಿತ್ತು! ಮೂರು ಬ್ಯಾಸಗಿ ಬಾಯಿ ಮುಚ್ಚಿಕೊಂಡು ಕುಂತಿದ್ದಿಯಲ್ಲ?”

“ನಿನಗ ಮೂರು ಅದಾವ, ನನಗೊಂದೂ ಇಲ್ಲ. ಹೇಳಿದ್ರ ನನ್ನ ಹೊಸ್ತಲಾ ಯಾರು ದಾಟತಿದ್ರು?”

“ಇವತ್ತೇ ಹೊಸಾ ಗಡಿಗಿ ತರತೇನಿ. ಇನ್ನ ಒಬ್ಬನೂ ಬರಂಗಿಲ್ಲ, ನೋಡಕೋತ ಕುಂಡ್ರು!”

ಅಂಗಡಿಯವ ಕರೆದ. ನಿಂಬೆವ್ವ ದಡದಡ ಮುಂದೆ ನಡೆದಳು. ಗುರಮ್ಮ ಹಿಂದೆಯೇ ಓಡಿದಳು.

“ಹೊಸಾ ಗಡಿಗಿ ನೀರು ಎಂಟು ದಿನ ಮಣ್ಣು ನಾರತೈತಿ ಅಕ್ಕಾ. ಆ ಎಂಟು ದಿನಾನಾದ್ರೂ ಕಳಸು.”