ಎಲ್ಲರ ಉಸಿರೂ ಇಪ್ಪತ್ತು

…ಅಲ್ಲ ಕಣೇ, ಆ ಏಪ್ರನ್ ಎಷ್ಟು ಸಲ ಮಡಚ್ತೀಯ? ಮೂರನೇ ಸಲ! ಮಡಚಿ ಟ್ರಂಕಿಗೆ ಹಾಕ್ತೀಯ, ತೆಗೀತೀಯ, ಮತ್ತೆ ಮಡಚ್ತೀಯ. ಪ್ರಿನ್ಸಿಪಾಲ್ ಮೇಡಂ ಕರೆದಿರೋದು ಐದು ಗಂಟೆಗೆ. ನೀನು ಈಗ್ಲೇ ಗಂಟುಮೂಟೆ ಕಟ್ತಾ ಕೂತಿದೀಯಲ್ಲ! ಬೈತಾರೆ, ಒಂದು ತಪ್ಪೊಪ್ಪಿಗೆ ಬರೆಸ್ಕೋತಾರೆ, ಬಿಡ್ತಾರೆ. ಮೊದಲನೇ ವರ್ಷದ ನರ್ಸಿಂಗ್ ಹುಡುಗೀರನ್ನೆಲ್ಲ ಹೀಗೆ ಓಡಿಸ್ತಾ ಹೋದ್ರೆ ಬೆಡ್‌ಪ್ಯಾನ್ ತೊಳೆಯೋಕೆ ಅವರಿಗೆ ಯಾರು ಸಿಗ್ತಾರೆ, ಹೇಳು?

ನಗು ಬರ್ಲಿಲ್ವಾ. ಸರಿ ಬಿಡು.

ಇನ್ನೂ ಇಪ್ಪತ್ತು ನಿಮಿಷ ಇದೆ ಮಾರಾಯ್ತಿ… ಏನು? ಯಾಕೆ ಹಾಗೆ ತಲೆ ಎತ್ತಿದೆ? ಓ, ಇಪ್ಪತ್ತು ಅನ್ನಬಾರದಾ ಇನ್ಮೇಲೆ? ಆಯ್ತಮ್ಮ, ಹತ್ತೊಂಬತ್ತೂ ಮುಕ್ಕಾಲು ನಿಮಿಷ ಇದೆ. ಈಗ ಸಮಾಧಾನನಾ?

ನಿನ್ನೆ ಸಂಜೆಯಿಂದ ಒಂದು ಮಾತಿಲ್ಲ ನಿನ್ನ ಬಾಯಿಂದ. ಎಂಟು ತಿಂಗಳು ಒಂದೇ ರೂಮಲ್ಲಿದೀವಿ. ನನ್ನ ಗೊರಕೆ ನಿಂಗೊತ್ತು, ನಿನ್ನ ಕಾಲ್ಚೀಲದ ಘಮ ನಂಗೊತ್ತು. ಈಗ ನೋಡಿದ್ರೆ ಗೋಡೆ ಜೊತೆ ಮಾತಾಡಿದ ಹಾಗಿದೆ. ಗೋಡೆನೇ ವಾಸಿ, ಹಾಗೆ ದುರುಗುಟ್ಟಿ ನೋಡಲ್ಲ.

ನಿಮ್ಮಪ್ಪ ಕೆಳಗೆ ಬಂದು ಕೂತಿದಾರೆ, ನೋಡಿದ್ಯಾ? ನಾನು ಕಿಟಕಿಯಿಂದ ನೋಡ್ದೆ. ವಾಚ್‌ಮನ್ ಪಕ್ಕದ ಬೆಂಚಲ್ಲಿ, ಡ್ಯೂಟಿ ಬಟ್ಟೆಲೇ. ಬಸ್ಸು ಯಾರಿಗೆ ಒಪ್ಪಿಸಿ ಬಂದ್ರೋ ಪಾಪ. ಒಂದು ನಿಮಿಷ ಮುಂಚೆನೂ ಸ್ಟ್ಯಾಂಡು ಬಿಡಲ್ಲ, ಒಂದು ನಿಮಿಷ ತಡವಾಗಿನೂ ಬಿಡಲ್ಲ ಅಂತಿದ್ದೆಯಲ್ಲ ಅವರ ಬಗ್ಗೆ… ನಾಲ್ಕೂವರೆಯಿಂದ ಕೂತಿದಾರೆ. ಕೈಯಲ್ಲಿ ಗಡಿಯಾರ ಇಲ್ಲ, ಹೋಗೋರ ಬರೋರ ಹತ್ರ ಟೈಮ್ ಕೇಳ್ತಿದಾರೆ. ಗಡಿಯಾರ ನಿನ್ನ ಕೈಲಿದೆಯಲ್ಲ. ಈ ಕಡ್ಡಿ ಕೈಗೆ ಅಂಥಾ ತಟ್ಟೆ ಗಾತ್ರದ ಗಡಿಯಾರ! ಮೊದಲ ದಿನ ನೋಡಿ ನಾನು ಎಷ್ಟು ನಕ್ಕಿದ್ದೆ, ನೆನಪಿದೆಯಾ?

ಅದೇ ದಿನ ಅಲ್ವಾ ಆ ಮೈಕ್ ಸರ್ ನಮಗೆ ಉಪದೇಶ ಮಾಡೋಕೆ ಬಂದಿದ್ದು? 'ಜೀವನದ ಗುರಿ ಮತ್ತು ಮೌಲ್ಯಗಳು'! ಅಬ್ಬಬ್ಬಾ! ಅಷ್ಟು ಚಿಕ್ಕ ರೂಮಿಗೆ ಮೈಕು. ಒಬ್ಬೊಬ್ಬರನ್ನೇ ಎಬ್ಬಿಸಿ, ನೀವು ನರ್ಸಿಂಗ್‌ಗೆ ಯಾಕೆ ಬಂದ್ರಿ ಅಂತ. ಒಬ್ಬಳು 'ಸೇವೆ' ಅಂದ್ಲು. ಇನ್ನೊಬ್ಬಳು 'ಹುಟ್ಟಿದಾಗಿನ ಕನಸು' ಅಂದ್ಲು. ಹುಟ್ಟಿದ ಕೂಸಿಗೆ ಕನಸಲ್ಲಿ ಇಂಜೆಕ್ಷನ್ ಬೀಳ್ತಿತ್ತಂತೆ! ನಂದೇನಿತ್ತು? ಮಾರ್ಕ್ಸ್ ಬರ್ಲಿಲ್ಲ, ಇಲ್ಲಿ ಸೀಟ್ ಸಿಕ್ತು, ನಮ್ಮಮ್ಮ 'ಎಲ್ಲಾದ್ರೂ ಒಂದು ಕಡೆ ಸೇರ್ಕೊಂಡು ಬಿದ್ದಿರು' ಅಂದ್ಲು. ಅದನ್ನ ಮೈಕಲ್ಲಿ ಹೇಳೋಕಾಗುತ್ತಾ? 'ನೊಂದವರ ಕಣ್ಣೀರು ಒರೆಸೋಕೆ' ಅಂದೆ. ಚಪ್ಪಾಳೆ!

ಆಮೇಲೆ ಆ ಚೀಟಿ ಆಟ. ಐವತ್ತು ಚೀಟಿ, ಒಂದೊಂದರಲ್ಲಿ ಒಂದೊಂದು ಮೌಲ್ಯ. ಹತ್ತು ಇಟ್ಕೊಳ್ಳಿ, ಉಳಿದಿದ್ದು ಹರೀರಿ. ಐದು ಇಟ್ಕೊಳ್ಳಿ, ಹರೀರಿ. ಕೊನೆಗೆ ಒಂದೇ ಒಂದು, ಅದೇ ನೀವು! ಮುಂದಿನ ಬೆಂಚಿನೋಳು 'ಕುಟುಂಬ' ಹರೀಬೇಕಾ 'ಕರುಣೆ' ಹರೀಬೇಕಾ ಅಂತ ಗೊಳೋ ಅಂತ ಅತ್ಲು. ನಂಗೆ 'ಪ್ರಾಮಾಣಿಕತೆ' ಹೇಗೆ ಉಳೀತು ಗೊತ್ತಾ? ಯಾರಿಗೂ ಹೇಳಿಲ್ಲ ಇದನ್ನ. ಆ ಚೀಟಿ ಬೆಂಚ್ ಕೆಳಗೆ ಬಿದ್ದುಹೋಗಿತ್ತು ಕಣೇ! ಹರಿಯೋಕೆ ಕೈಗೇ ಸಿಗ್ಲಿಲ್ಲ. ಎಲ್ಲಾ ಹರಿದು ಮುಗಿಸಿ ನೋಡ್ತೀನಿ, ಚಪ್ಪಲಿ ಕೆಳಗಿಂದ ಇದೊಂದು ಇಣುಕ್ತಿದೆ. ಎತ್ತಿ ತೋರಿಸ್ದೆ. ಅದನ್ನೇ ಬಣ್ಣದಲ್ಲಿ ಬರೆಸಿ, ನನ್ನ ಫೋಟೋ ಹಚ್ಚಿ, ಕಾರಿಡಾರಲ್ಲಿ ನೇತು ಹಾಕಿದಾರೆ. ದಿನಾ ಅದರ ಕೆಳಗೇ ಹಾದು ವಾರ್ಡಿಗೆ ಹೋಗ್ತೀನಿ ನಾನು. ಹೇಳೋದು ಶಾಸ್ತ್ರ ಹಾಕೋದು ಗಾಳ ಅಂತಾರಲ್ಲ, ಆ ಗಾದೆಗೇ ಫೋಟೋ ಹಾಕಿಸ್ದಂಗಾಯ್ತು.

ಮತ್ತೆ ನೀನು! ಮಹಾತಾಯಿ! ಐವತ್ತೂ ಹರಿದು ಹಾಕಿ, ಖಾಲಿ ಕಾಗದದ ಮೇಲೆ ನೀನೇ ಬರೆದೆ. ಏನಂತ? 'ಒಂದು ನಿಮಿಷ ಅಂದ್ರೆ ಪೂರ್ತಿ ಒಂದು ನಿಮಿಷ.' ಮೈಕ್ ಸರ್ ಓದಿ ಕಕ್ಕಾಬಿಕ್ಕಿ! 'ಇದು ಮೌಲ್ಯ ಅಲ್ಲಮ್ಮ, ಇದು ಟೈಮ್ ಟೇಬಲ್' ಅಂದ್ರು. ಇಡೀ ಕ್ಲಾಸು ಬಿದ್ದು ಬಿದ್ದು ನಗ್ತು. ನಾನೇ ಅಲ್ವಾ ನಿಂಗೆ 'ನಿಮಿಷಮ್ಮ' ಅಂತ ಹೆಸರಿಟ್ಟಿದ್ದು? ನಿನ್ನ ನಿಜವಾದ ಹೆಸರು ಈಗ ಅಟೆಂಡೆನ್ಸ್‌ನೋರಿಗೂ ಮರೆತುಹೋಗಿದೆ.

ಏ, ಟ್ರಂಕ್ ಮುಚ್ಚಬೇಡ! ಮುಚ್ಚಿದ್ರೆ ನಿಜವಾಗ್ಲೂ ಹೋಗೋ ಥರ ಕಾಣುತ್ತೆ.

ನೋಡು, ತಪ್ಪು ಯಾರದ್ದು ಅಂತ ಕೇಳಿದ್ರೆ ಕಾಲೇಜಿನದ್ದೇ. ಉಸಿರು ಎಣಿಸೋದನ್ನ ಹೇಗೆ ಕಲಿಸಿದ್ರು? ಪೇಷಂಟಿಗೆ ಗೊತ್ತಾಗಬಾರದು. ಎಣಿಸ್ತಿದಾರೆ ಅಂತ ಗೊತ್ತಾದ್ರೆ ಉಸಿರು ಬದಲಾಗುತ್ತೆ. ಹಾಗಾಗಿ ನಾಡಿ ನೋಡೋ ಹಾಗೆ ಮಣಿಕಟ್ಟು ಹಿಡ್ಕೊಳ್ಳಿ, ಕಣ್ಣು ಮಾತ್ರ ಎದೆ ಮೇಲಿರ್ಲಿ, ಪೂರ್ತಿ ಒಂದು ನಿಮಿಷ. ನಾಟಕ ಮಾಡೋದನ್ನ ಅವರೇ ಕಲಿಸ್ತಾರೆ, ಆಮೇಲೆ 'ಮೌಲ್ಯ ಎಲ್ಲಿ' ಅಂತ ನಮ್ಮನ್ನ ಕೇಳ್ತಾರೆ! ಇನ್ನು ವಾರ್ಡಿಗೆ ಹೋದ್ರೆ? ಮೂವತ್ತು ಮಂಚ, ನಾವು ನಾಲ್ಕು ಜನ. ಯಾರು ಎಣಿಸ್ತಾರೆ? ಎರಡನೇ ವರ್ಷದ ಅಕ್ಕಂದಿರು ಎಣಿಸ್ತಾರಾ? ಚಾರ್ಟ್ ತೆಗೆದು ನೋಡು. ಒಂದನೇ ಮಂಚ ಇಪ್ಪತ್ತು, ಎರಡನೇ ಮಂಚ ಇಪ್ಪತ್ತು. ದಪ್ಪಗಿರೋನಿಗೂ ಇಪ್ಪತ್ತು, ಸಣ್ಣಗಿರೋನಿಗೂ ಇಪ್ಪತ್ತು. ಡಿಸ್ಚಾರ್ಜ್ ಆಗಿ ಮನೆಗೆ ಹೋದೋನಿಗೂ ಒಂದಿನ ಇಪ್ಪತ್ತು ಬರೆದಿದ್ರು! ಇಡೀ ಆಸ್ಪತ್ರೆ ಒಂದೇ ಮೂಗಲ್ಲಿ ಉಸಿರಾಡುತ್ತೆ ಅನ್ನೋ ಹಾಗೆ. ನೀನೊಬ್ಬಳು, ಈ ತಟ್ಟೆ ಗಡಿಯಾರ ಹಿಡ್ಕೊಂಡು, ತುಟಿ ಅಲ್ಲಾಡಿಸ್ಕೊಂಡು… ನಿನ್ನಿಂದ ದಿನಾ ನಮಗೆಲ್ಲ ಊಟಕ್ಕೆ ಲೇಟು.

ಆದ್ರೂ ನಿನ್ನ ಹೆಸರೇ ಬಂತು ನೋಡು. ಎಣಿಸೋಳ ಹೆಸರೇ.

ಸರಿ, ಯಾರೋ ಬರೆದ್ರು. ಮೊನ್ನೆ ಎರಡು ಗಂಟೆಗೆ ನೀನು ರಕ್ತದ ಸ್ಯಾಂಪಲ್ ತಗೊಂಡು ಲ್ಯಾಬಿಗೆ ಹೋಗಿದ್ದೆ, ಮೂರೂವರೆವರೆಗೂ ಅಲ್ಲಿ ಕ್ಯೂ. ಅಷ್ಟರಲ್ಲಿ ನಿನ್ನ ಒಂಬತ್ತನೇ ಮಂಚದ ಅಜ್ಜಿ ಚಾರ್ಟಲ್ಲಿ ಯಾರೋ ಇಪ್ಪತ್ತು ಅಂತ ಬರೆದು, ಪಕ್ಕದಲ್ಲಿ ನಿನ್ನ ಸಹಿ ಹಾಕಿದ್ರು. ನಾಲ್ಕು ಗಂಟೆಗೆ ನೀನು ಎಣಿಸಿದ್ರೆ ಮೂವತ್ತೆಂಟು. ಹುಚ್ಚಿ ಹಾಗೆ ಓಡಿದೆ ದೊಡ್ಡ ಸಿಸ್ಟರ್ ಹತ್ರ. ಡಾಕ್ಟರ್ ಬಂದ್ರು, ಆಕ್ಸಿಜನ್ ಬಂತು, ಅಜ್ಜಿ ತುಟಿ ನೀಲಿ ಆಗಿತ್ತು… ಬದುಕಿದಾರೆ ಕಣೇ, ಬದುಕಿದಾರೆ. ಬೆಳಿಗ್ಗೆ ಆಯಾನ ಕೇಳ್ದೆ. ಎಮರ್ಜೆನ್ಸಿಲಿ ಎದ್ದು ಕೂತು ಗಂಜಿಗೆ ಉಪ್ಪಿಲ್ಲ ಅಂತ ಜಗಳ ಆಡ್ತಿದಾರಂತೆ. ನಾನೂ ಕೇಳ್ತೀನಪ್ಪ, ನಂಗೇನು ಕಲ್ಲು ಹೃದಯನಾ?

ನಿನ್ನೆ ಸಂಜೆ ಪ್ರಿನ್ಸಿಪಾಲ್ ಮೇಡಂ ನಮ್ಮನ್ನೆಲ್ಲ ನಿಲ್ಲಿಸಿ, ಎರಡು ಗಂಟೆಗೆ ಇಪ್ಪತ್ತು ಇದ್ದಿದ್ದು ನಾಲ್ಕಕ್ಕೆ ಮೂವತ್ತೆಂಟು ಹೇಗಾಯ್ತು ಅಂತ ಕೇಳಿದ್ರು. ನೀನು ಬಾಯಿ ಬಿಡಬೇಕಿತ್ತು! 'ಸಹಿ ನನ್ನದಲ್ಲ' ಅಷ್ಟೇ ಅಂದೆ. 'ಮತ್ತೆ ಯಾರದ್ದು' ಅಂದ್ರೆ ಸುಮ್ಮನೆ ನಿಂತೆ. ಸುಮ್ಮನೆ ಅಂದ್ರೆ… ಒಂದು ಸಲ ನನ್ನ ಕಡೆ ನೋಡಿದೆ. ನಾನು ನೆಲ ನೋಡ್ತಿದ್ದೆ. ನೆಲ ಒರೆಸಿರ್ಲಿಲ್ಲ, ಅದಕ್ಕೆ ನೋಡ್ತಿದ್ದೆ. ಮಾತು ಬೆಳ್ಳಿ, ಮೌನ ಬಂಗಾರ ಅಂತ ಗೋಡೆ ಮೇಲೆ ಬರೆಯೋಕೆ ಚೆನ್ನಾಗಿರುತ್ತೆ, ಆದ್ರೆ ಪ್ರಿನ್ಸಿಪಾಲ್ ಮುಂದೆ ಮೌನವಾಗಿ ನಿಂತೋರಿಗೆ ಬಂಗಾರ ಅಲ್ಲ, ಟ್ರಂಕೇ ಸಿಗೋದು!

ಯಾರ ಮೇಲೆ ಅಂತ ಅನುಮಾನ ಪಡೋದು, ಹೇಳು? ಎರಡನೇ ವರ್ಷದ ಆ ಕನ್ನಡಕದ ಅಕ್ಕ ಇರಬಹುದು. ಅವಳಿಗೆ ಎಲ್ಲರ ಸಹಿನೂ ಬರುತ್ತೆ. ನಂಗೇನು ಗೊತ್ತು? ನಾನು ಎರಡು ಗಂಟೆಗೆ ಬಟ್ಟೆ ರೂಮಲ್ಲಿದ್ದೆ. ಆಯಾ ಜೊತೆ ಬೆಡ್‌ಶೀಟ್ ಎಣಿಸ್ತಿದ್ದೆ. ಮೂರು ಗಂಟೆವರೆಗೂ. ಆ ಕಡೆ ತಲೇನೇ ಹಾಕಿಲ್ಲ.

ನಿನ್ನ ಅಜ್ಜಿನೂ ಏನು ಕಮ್ಮಿ ಇಲ್ಲ ಬಿಡು! ಯಾವಾಗ ನೋಡಿದ್ರೂ 'ಮಗಾ ಅದು ಕೊಡು, ಮಗಾ ಇದು ಕೊಡು'. ಮೊನ್ನೆನೂ ನೀನು ಲ್ಯಾಬಿಗೆ ಹೋಗಿದ್ದೇ ತಡ, ಊಟದ ತಟ್ಟೆ ಇನ್ನೂ ಎತ್ತಿರ್ಲಿಲ್ಲ, ಶುರು! 'ಮಗಾ, ಇನ್ನೊಂದು ದಿಂಬು ಕೊಡೇ, ಮಲಗಿದ್ರೆ ಆಗ್ತಿಲ್ಲ ಕಣೇ.' ಎಲ್ಲರಿಗೂ ಒಂದೇ ದಿಂಬು ಅಜ್ಜಿ, ಇದೇನು ನಿಮ್ಮ ಮನೆನಾ ಅಂದೆ. ಮಲಗೋಕಾಗಲ್ಲ ಅಂದ್ರೆ ಉಸಿರು ಕಟ್ತಿದೆ ಅಂತ ಪುಸ್ತಕದಲ್ಲಿ ಓದಿದೀವಿ, ಆದ್ರೆ ಆ ಹೊತ್ತಿಗೆ ಯಾರಿಗೆ ನೆನಪಾಗುತ್ತೆ…

ಏನು?

ಏಪ್ರನ್ ಯಾಕೆ ಕೆಳಗಿಟ್ಟೆ?

ಇಲ್ಲ, ಅದು… ಅದು ಆಚೆ ಮೊನ್ನೆ. ಮೊನ್ನೆ ಅಲ್ಲ. ಆಚೆ ಮೊನ್ನೆ ಕೇಳಿದ್ರು ದಿಂಬು. ಅಥವಾ ಆಯಾ ಹೇಳಿದ್ದು. ಹ್ಞಾ, ಆಯಾನೇ ಹೇಳಿದ್ದು ನಂಗೆ, ಬೆಡ್‌ಶೀಟ್ ಎಣಿಸ್ತಾ… ಆಯಾನೂ ಬಟ್ಟೆ ರೂಮಲ್ಲೇ ಇದ್ಲಾ? ಇದ್ಲು, ಆದ್ರೆ ಮಧ್ಯ ಹೋಗಿ ಬಂದ್ಲು… ನೀನು ಹೀಗೆ ನೋಡಿದ್ರೆ ನಂಗೆ ಎಲ್ಲಾ ಕಲಸಿಹೋಗುತ್ತೆ ಕಣೇ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ, ಹಾಗೇನೂ ಅಲ್ಲ ಇದು! ನೀನು ಕಳ್ಳ ಅಂತಾನೂ ಅಂದಿಲ್ಲ… ಏನಾದ್ರೂ ಅನ್ನೇ! ಬೈಯೇ! ಒಂದು ಬಾರಿಸು ಬೇಕಾದ್ರೆ!

…ಬಂದ್ಯಾ. ಬಾ. ಕೂತ್ಕೋ.

ಅಬ್ಬಾ, ಕೈ ಹಿಡ್ಕೊಂಡೆಯಲ್ಲ, ಈಗ ಜೀವ ಬಂತು ನಂಗೆ. ನಿಂಗೆ ಕೋಪ ಇರಲ್ಲ ಅಂತ ನಂಗೊತ್ತಿತ್ತು. ಎಷ್ಟಾದ್ರೂ ನಾವಿಬ್ರೂ… ಗಡಿಯಾರ ಯಾಕೆ ನೋಡ್ತೀಯ? ಇನ್ನೂ ಹೊತ್ತಿದೆ, ನಿಮ್ಮಪ್ಪ ಎಲ್ಲೂ ಹೋಗಲ್ಲ. ನಾಡಿ ನೋಡ್ತಿದೀಯಾ? ಹುಚ್ಚಿ, ನಂಗೇನಾಗಿದೆ…

ಇಲ್ಲ. ನಾಡಿ ಅಲ್ಲ.

ಕಣ್ಣು ನನ್ನ ಎದೆ ಮೇಲಿದೆ.

ಬಿಡು. ಬಿಡೇ ಕೈ! ತಮಾಷೆ ಸಾಕು. ನಾನು ಮಾತಾಡ್ತಿದ್ರೆ ಎಣಿಸೋಕಾಗಲ್ಲ ನಿಂಗೆ, ನಾನು ಮಾತಾಡ್ತಾನೇ ಇರ್ತೀನಿ ನೋಡು, ನಾನು… ನಾನು…

……

……

ಮುಗೀತಾ? ಪೂರ್ತಿ ಒಂದು ನಿಮಿಷ?

ಎಷ್ಟು ಬಂತು? ಇಪ್ಪತ್ತಲ್ಲ ತಾನೇ.

ಭಯ ಕಣೇ. ಬರೀ ಭಯ. ದೊಡ್ಡ ಸಿಸ್ಟರ್ ರೌಂಡ್ಸಿಗೆ ಬರ್ತಿದ್ರು, ನಿನ್ನ ಅಜ್ಜಿ ಖಾನೆ ಖಾಲಿ ಇತ್ತು. 'ನಾನೇ ಬಂದು ಎಣಿಸ್ತೀನಿ, ಮುಟ್ಟಬೇಡ' ಅಂತ ಹೇಳಿ ಹೋಗಿದ್ದೆ ನೀನು. ನಿಂಗೆ ಬೈಗುಳ ತಪ್ಪಿಸ್ತಿದೀನಿ ಅಂತ ಬರೆದೆ. ಅಲ್ಲ, ಅದೂ ಸುಳ್ಳು. ನಂಗೆ ಬೇಗ ಊಟಕ್ಕೆ ಹೋಗಬೇಕಿತ್ತು. ಅಷ್ಟೇ. ಅಜ್ಜಿ ಮುಖಾನೂ ಸರಿಯಾಗಿ ನೋಡ್ಲಿಲ್ಲ ನಾನು. ಎರಡು ಗಂಟೆಗೇ ಎಣಿಸಿದ್ರೆ ಆ ತುಟಿ ನೀಲಿ ಆಗ್ತಿರ್ಲಿಲ್ಲ. ನಮ್ಮಮ್ಮ ಯೂನಿಫಾರ್ಮಲ್ಲಿರೋ ನನ್ನ ಫೋಟೋನ ಹೊಲಿಗೆ ಮಷಿನ್ ಮೇಲೆ ಹಾಕ್ಕೊಂಡಿದಾಳೆ ಕಣೇ… ಬ್ಲೌಸ್ ಹೊಲಿಸೋಕೆ ಬಂದೋರಿಗೆಲ್ಲ ಅದನ್ನೇ ತೋರಿಸ್ತಾಳೆ. ಬಿದ್ದಿರು ಅಂದೋಳು ಅವಳೇ, ಈಗ ಎತ್ತಿ ಗೋಡೆಗೆ ಹಾಕಿದಾಳೆ. ಅವಳಿಗೆ ಏನಂತ ಹೇಳ್ಲಿ?

ಏನು ಬರೀತಿದೀಯ? ಚೀಟಿ ಮೇಲೆ… ಮೂವತ್ತೊಂದು. ನನ್ನ ಹೆಸರು. ಇವತ್ತಿನ ತಾರೀಕು. ಟೈಮೂ ಬರೆದ್ಯಾ, ನಾಲ್ಕು ಐವತ್ತೈದು! ಎಲ್ಲಾ ಖಾನೆನೂ ತುಂಬಿದೀಯಲ್ಲೇ ನಿಮಿಷಮ್ಮ.

ಪೆನ್ನು ಯಾಕೆ ನನ್ನ ಕಡೆ ಚಾಚ್ತೀಯ?

…ಓ. ಸಹಿ.

ಕೊಡು. ಈ ಸಲ ನನ್ನದೇ ಹಾಕ್ತೀನಿ. ನೀನು ಆ ಏಪ್ರನ್ ಆಚೆ ತೆಗೆದು ಹಾಕ್ಕೋ, ಟ್ರಂಕಲ್ಲಿ ಜಾಗ ನಂಗೆ ಬೇಕಾಗುತ್ತೆ. ನಡಿ, ಕೆಳಗೆ ಹೋಗೋಣ. ನಿಮ್ಮಪ್ಪಂಗೆ ಐದು ಅಂದ್ರೆ ಐದು.