ಅಟ್ಟಕ್ಕೆ ಹೊಡೆದ ಹಲಗೆ

ಹಡರ್ಸ್‌ಫೀಲ್ಡಿನ ಮನೆ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಬಣ್ಣದ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದ ಹೇಜಲ್‌ಗೆ, ಮುಂದಿದ್ದ ಗಂಡ ಹೆಂಡತಿಯ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡನ ಕೈಯಲ್ಲಿ, ಅಟ್ಟದ ಹಲಗೆಯನ್ನು ತೊಲೆಯಿಂದ ಮೇಲೆತ್ತಿ ಕೂರಿಸುವ ಪ್ಲಾಸ್ಟಿಕ್ ಕಾಲುಗಳ ಚೀಲವಿತ್ತು.

“ಇದನ್ನ ಮೊದಲೇ ತಗೊಳ್ಳೋಕೆ ನಿಂಗೇನು ಧಾಡಿ ಆಗಿತ್ತು, ಕ್ಲಿಫರ್ಡ್?”

“ತೊಲೆ ಮೇಲೇ ಹಲಗೆ ಹೊಡೆದ್ರೆ ಸಾಕು ಅನ್ಕೊಂಡೆ ಕಣೇ.”

“ಮನೆ ಬೆಚ್ಚಗಿರ್ಲಿ ಅಂತ ತೊಲೆಗಳ ಮಧ್ಯೆ ಹಾಸಿದ್ದ, ಗೇಣೆತ್ತರ ಉಬ್ಬಿದ್ದ ಉಣ್ಣೇನ ತುಳಿದು ತುಳಿದು ಚಪ್ಪಟೆ ಮಾಡ್ದೆ. ಉಬ್ಬಿದ್ರೆ ತಾನೇ ಅದು ಚಳಿ ತಡೆಯೋದು?”

“ಕ್ರಿಸ್‌ಮಸ್ ಅಲಂಕಾರದ ಡಬ್ಬ ಇಡೋಕೆ ಜಾಗ ಬೇಕು ಅಂದೋಳು ನೀನೇ.”

“ನಾಲ್ಕು ಡಬ್ಬ! ಅದಕ್ಕೋಸ್ಕರ ಕೆಳಗಿನ ರೂಮಲ್ಲಿ ನಿಮ್ಮಮ್ಮ ಚಳಿಗಾಲ ಪೂರ್ತಿ ನಡುಗಿದ್ರು. ಚಳಿ ಕಣೋ ಅಂದ್ರೆ, ಇನ್ನೊಂದು ಸ್ವೆಟರ್ ಹಾಕ್ಕೋ ಅಂದೆ. ಹೆತ್ತ ತಾಯಿಗೆ!”

“ಮುಂದಿನ ಶನಿವಾರ ಎಲ್ಲಾ ಕಿತ್ತು ಸರಿ ಮಾಡ್ತೀನಿ, ಬಿಡು.”

“ಮಾಡು. ಅಲ್ಲೀವರೆಗೂ ಆ ರೂಮಲ್ಲಿ ನೀನು ಮಲಗು.”

“ಮತ್ತೆ ಅಮ್ಮ?”

“ನನ್ನ ಪಕ್ಕ, ನಿನ್ನ ಜಾಗದಲ್ಲಿ.”

ಅವರ ಸರದಿ ಬಂತು. ಅವನು ತಲೆ ತಗ್ಗಿಸಿ ಚೀಲವನ್ನು ಗಲ್ಲಾದ ಮುಂದಿಟ್ಟ. ಆಕೆ ಕಾಯಲಿಲ್ಲ. ಬಾಗಿಲು ತಲುಪಿ, ಇಡೀ ಸಾಲಿಗೆ ಕೇಳುವಂತೆ ಕೂಗಿದಳು:

“ಚಳಿ ಆದ್ರೆ ಇನ್ನೊಂದು ಸ್ವೆಟರ್ ಹಾಕ್ಕೋ!”